ಬೆಡಗು ಬೇರೆ, ಒಡಕು ಒಂದೇ

ಅಥಣಿ ರಸ್ತೆ, ವಿಜಯಪುರ
೧೨ ನವೆಂಬರ್ ೨೦೨೫, ಬುಧವಾರ

ತಮ್ಮಾ ಮಾಳು,

ಹೇಗಿದ್ದೀ? ಕಾಲಿಗೆ ನೆಟ್ಟ ಮುಳ್ಳಿನ ಗಾಯ ಮಾಯಿತೇ? ನಿನ್ನ ಫೋನು ಹತ್ತುತ್ತಿಲ್ಲ. ನಿನ್ನ ಹಿಂಡು ಮೇಯುತ್ತಿರುವ ಕೊಲ್ಹಾರದ ಕಡೆ ಕುರಿ ಕೊಳ್ಳಲು ಹೊರಟ ಜಾವೀದನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಕುಳಿತು ಓದು.

ಮೇಲಿಂದ ಮೇಲೆ ಸೋಂಕು ತಗಲುವ ನಿನ್ನ ಮಗನನ್ನು ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆಯಲ್ಲಿಡುತ್ತೇವೆ ಎಂದಿದ್ದರು. ಹದಿನೆಂಟು ಹಾಸಿಗೆಯ ವಾರ್ಡಿಗೆ ಹಾಕಿದರು. ಸರಕಾರದ ಕಾರ್ಡಿನ ಮೇಲೆ ಜೀನ್ ಪರೀಕ್ಷೆ ಎಂದಿದ್ದರು. ಅರ್ಜಿ ತಿರುಗಿ ಬಂತು. ನಮ್ಮ ಮಹಿಳಾ ಸಂಘದ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ಕುಳಿತೆ. ಆಗ ಫಾರಮ್ ತಂದು ಮುಖಕ್ಕೆ ಹಿಡಿದರು. ರಕ್ತಸಂಬಂಧದಲ್ಲಿ ಮದುವೆ: ಇಲ್ಲ. ಕೆಳಗೆ ನನ್ನದೇ ಸಹಿ. ಅದನ್ನು ನೋಡಿಯೇ ಜೀನ್ ಪರೀಕ್ಷೆ ಬೇಡವೆಂದು ಅರ್ಜಿ ತಿರುಗಿಸಿದ್ದರು.

ಫಾರಮ್ ತುಂಬಿದ ದಿನ ಡಾಕ್ಟರು ಕೇಳಿದಾಗ ನಮ್ಮವ್ವ, "ಸಂಬಂಧ ಎಲ್ಲೀದ್ರಿ? ಬೆಡಗು ಬ್ಯಾರೆ ಬ್ಯಾರೆ ಅದಾವು" ಎಂದಳು. ಅಪ್ಪನಿಂದ ಬರುವ ಕುಲದ ಹೆಸರು ಬೇರೆಯಾದರೆ ಸಂಬಂಧವಲ್ಲವೆಂದು ನಾನೂ ತಲೆಯಾಡಿಸಿದೆ. ಊರೂರು ತಿರುಗಿ ಭಾಷಣ ಮಾಡುವವಳಿಗೆ, ನೀನು ಅಕ್ಕನ ಮಗಳು ಕಸ್ತೂರಿಯನ್ನೇ ಕಟ್ಟಿಕೊಂಡದ್ದು ಸಂಬಂಧ ಎನಿಸಲೇ ಇಲ್ಲ. ಆ ತಪ್ಪಿಗೆ ಕೂಸಿನ ಎಂಟು ವಾರ ಹಾಳಾದವು. ಅದು ನನ್ನ ತಲೆಯ ಮೇಲಿದೆ.

ಫಾರಮ್ ತಿದ್ದಿಸಿ ಪರೀಕ್ಷೆ ಮಾಡಿಸಿದೆ. ಮೈಗೆ ಕಾವಲು ಕಟ್ಟುವ ಜೀನೇ ಒಡೆದಿದೆ. ಡಾಕ್ಟರ್ ಮೃಣಾಲ ಬಿಡಿಸಿ ಹೇಳಿದರು: ಸುಮಾರು ಐವತ್ತು ಕೋಟಿ ವರ್ಷದ ಹಿಂದೆ ಅದು ಜಾಗದಿಂದ ಜಾಗಕ್ಕೆ ಜಿಗಿಯುವ ಅಲೆಮಾರಿ ಚೂರಾಗಿತ್ತಂತೆ. ಯಾವುದೋ ನೀರಿನ ಪ್ರಾಣಿಯೊಳಗೆ ಹೊಕ್ಕು ನೆಲೆ ನಿಂತು, ಕತ್ತರಿಸಿ ಜೋಡಿಸುವ ಹಳೆಯ ಕಸುಬಿನಿಂದಲೇ ರೋಗ ತಡೆಯುವ ಪಡೆ ಕಟ್ಟುತ್ತಾ ಬಂದಿದೆ. ಹೊರಗಿನಿಂದ ಬಂದದ್ದು ನಮ್ಮನ್ನು ಕಾಪಾಡಿತು. ನಾವು ಮದುವೆಗಳನ್ನು ಮನೆಯೊಳಗೇ ಸುತ್ತಿಸಿ, ಅದರ ಒಡಕನ್ನು ಎರಡೂ ಕಡೆಯಿಂದ ಒಂದೇ ಕೂಸಿಗೆ ಕೊಟ್ಟೆವು. ಆ ಒಡಕು ಕಸ್ತೂರಿಯಲ್ಲಿದೆ, ನಿನ್ನಲ್ಲೂ ಇದೆ. ಇಬ್ಬರಿಗೂ ಇಳಿದದ್ದು ನಮ್ಮ ಅವ್ವ ಅಪ್ಪನಲ್ಲಿ ಒಬ್ಬರಿಂದ.

"ಮೊದಲಿನ ಕೂಸೂ ಹೋತು, ಆಕಿ ಹೊಟ್ಟೀನ ಸರಿ ಇಲ್ಲ, ತವರಿಗೆ ಕಳಸ್ರಿ" ಎಂದು ಜಾವೀದನ ಹತ್ತಿರ ಹೇಳಿ ಕಳಿಸಿದೆಯಲ್ಲ, ಆಕೆಯ ತವರು ಯಾವುದಪ್ಪಾ? ಕಾಖಂಡಕಿಯಲ್ಲಿ ನಮ್ಮಕ್ಕ ಗುರುಬಾಯಿಯ ಮನೆ. ಕಸ್ತೂರಿ ಅಳಲಿಲ್ಲ. "ಮಾಮಾ ಬಂದು ಕೂಸಿನ ಮಾರಿ ನೋಡಿ ಇದನ್ನ ಹೇಳ್ಲಿ" ಎಂದಳಷ್ಟೇ.

ಅವ್ವ ಆಶೀರ್ವಾದ ಹೇಳಿದ್ದಾಳೆ. ನನ್ನದು, ನೀನು ಬಂದ ಮೇಲೆ.

ನಿನ್ನಕ್ಕ
ಮಹಾನಂದಾ

ತಾ.ಕ.: ಕೂಸಿಗೆ ಹೆತ್ತವರಲ್ಲಿ ಒಬ್ಬರ ಅಸ್ಥಿಮಜ್ಜೆ ಹಾಕಿದರಷ್ಟೇ ಉಳಿವು. ಕಸ್ತೂರಿಗೆ ಕಾಮಾಲೆ, ಆಕೆಯದು ನಡೆಯುವುದಿಲ್ಲವಂತೆ. ಉಳಿದವನು ನೀನೊಬ್ಬ; ನಿನ್ನ ಜೋಡಿ ಜೀನಿನಲ್ಲಿ ಒಡೆದದ್ದು ಒಂದೇ, ಇನ್ನೊಂದು ಗಟ್ಟಿಯಿರುವುದರಿಂದ ನಿನ್ನದು ನಡೆಯುತ್ತದಂತೆ. ಕುರಿಗಳನ್ನು ಜೊತೆಗಾರ ಸಂಗುವಿಗೆ ಬಿಟ್ಟು ಬಾ. ಡಾಕ್ಟರರು ನಮ್ಮನ್ನು ಕರೆದಿರುವುದು ಸೋಮವಾರ, ಹದಿನೇಳನೆಯ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ.