ಷರಾ ಕಾಲಮ್ಮಿನಲ್ಲಿ ನಾನು ಬರೆದದ್ದು

ಅಕ್ಟೋಬರ್ 14, ಮಂಗಳವಾರ. ಕೆಂಡಲ್ ಪಾರ್ಕ್.

ನನ್ನ ಕೈಬರಹವೇ ಇವತ್ತು ಕಂಪನಿಯ ಪರ ಸಾಕ್ಷಿ ಹೇಳಿತು.

ತಮ್ಮ ಮರಳು ಗಣಿಯನ್ನು ದುಪ್ಪಟ್ಟು ಮಾಡಲು ಆ ಕಂಪನಿಯವರಿಗೆ ಪರವಾನಗಿ ಬೇಕಂತೆ. ಈಗಿರುವ ಗಣಿಯ ದಂಡೆಯೇ ಪ್ರತಿ ಮಳೆಗೂ ಕುಸಿದು, ಹಳ್ಳದ ಮೂಲಕ ರಾರಿಟನ್ ಕೊಲ್ಲಿಗೆ ಮಣ್ಣು ಸುರಿಯುತ್ತಿದೆ. ಚಿಪ್ಪುಮೀನಿನ ಮರಿಗಳು ಅದರಡಿ ಹೂತುಹೋಗುತ್ತಿವೆ. ಅದಕ್ಕೆ ಪುರಾವೆ ಬೇಕೆಂದು ಆರು ವಾರ ನಾನೂ ತನ್ವೀರಾಳೂ ಹಳ್ಳದ ಬಾಯಲ್ಲಿ ನಿಂತು ನೀರು ಎಷ್ಟು ಕಲಕಿದೆಯೆಂದು ಅಳೆದು ಬರೆದೆವು. ಇಲ್ಲೇ ಹುಟ್ಟಿದ ಹುಡುಗಿ, ಕಾಲೇಜಿನಲ್ಲಿ ನೀರಿನದೇ ಓದು ಅವಳದು.

ಸಂಜೆಯ ವಿಚಾರಣೆಯಲ್ಲಿ ಕಂಪನಿಯ ವಕೀಲ ನಮ್ಮ ಅಳತೆಗಳನ್ನು ಮುಟ್ಟಲೇ ಇಲ್ಲ. ಷರಾ ಕಾಲಮ್ಮಿನಲ್ಲಿ ನಾನು ಬರೆದದ್ದನ್ನು ಓದಿದ: ‘ಕಳ್ಳರ ಕೆಸರು.’ ‘ಇದು ಕೊಲೆ.’ ಸಭೆ ನಕ್ಕಿತು. ಮೊದಲೇ ತೀರ್ಪು ಕೊಟ್ಟವರ ಅಳತೆ ಇದು ಎಂದು ಪರವಾನಗಿ ಕೊಡುವ ಮಂಡಳಿ ಆರೂ ವಾರದ ಹಾಳೆಗಳನ್ನು ಪಕ್ಕಕ್ಕಿಟ್ಟಿತು. ಮುಂದಿನ ತಿಂಗಳು ಕೊನೆಯ ವಿಚಾರಣೆ.

ಕಾರಿನಲ್ಲಿ ತನ್ವೀರಾ, “ಆಂಟಿ, ನೀವು ಬರ್ದಿದ್ದು ಸುಳ್ಳಲ್ಲ. ಬಟ್ ಅದು ಡೇಟಾ ಶೀಟ್, ನಿಮ್ಮ ಪೋಸ್ಟರ್ ಅಲ್ಲ” ಎಂದಳು.

“ಮೂವತ್ತು ವರ್ಷ ಗೋಡೆ ಮೇಲೆ ಘೋಷಣೆ ಬರೆದ ಕೈ ಕಣೇ ಇದು.”

“ಗೋಡೆ ಸಿಕ್ಕಿದ್ರೆ ಬರೀರಿ. ಇಲ್ಲಿ ನಂಬರ್ಸ್ ಓನ್ಲಿ, ಪ್ಲೀಸ್.”

ಸಿಟ್ಟು ಬಂತು, ಅವಳ ಮೇಲಲ್ಲ. ಸಿಟ್ಟನ್ನು ನಾನು ಬಿಡುವುದೂ ಇಲ್ಲ. ಅದಿಲ್ಲದಿದ್ದರೆ ಮೊಣಕಾಲುದ್ದದ ತಣ್ಣೀರಿನಲ್ಲಿ ಯಾರು ನಿಲ್ಲುತ್ತಾರೆ? ಗುರುವಾರ ಮಳೆಯಂತೆ. ಶುಕ್ರವಾರ ಬೆಳಗ್ಗೆ ಹೊಸ ಹಾಳೆ ಹಿಡಿದು ಹೋಗುತ್ತೇವೆ. ಷರಾದಲ್ಲಿ ಗಂಟೆ, ಉಬ್ಬರವೋ ಇಳಿತವೋ, ಮಳೆ ನಿಂತು ಎಷ್ಟು ಹೊತ್ತಾಯಿತು, ಅಷ್ಟೇ ಬರೆಯುತ್ತೇನೆ. ಆಗ ಅವರು ನೀರಿಗೇ ಉತ್ತರ ಕೊಡಬೇಕು.