ಪಡುವಣಕ್ಕೆ ಇಟ್ಟ ಕಲ್ಲುಗಳು

ಅಕ್ಟೋಬರ್ ೩೦, ಗುರುವಾರ. ಡಾಬಕಾ.

ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದಲ್ಲಿ ೧೧೮ ಮಿಲಿಮೀಟರ್ ಇತ್ತು. ಔರಾದಿನ ತಾಲ್ಲೂಕು ಕಚೇರಿಗೆ ವರದಿ ಕಳಿಸಿದೆ. ಆರು ದಿನದ ಹಿಂದೆ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಚಂಡಮಾರುತ ಆಂಧ್ರದ ದಂಡೆಗೆ ಬಡಿದು, ತೆಲಂಗಾಣ ದಾಟುವಷ್ಟರಲ್ಲಿ ಸೊರಗಿ, ನಮ್ಮಲ್ಲಿಗೆ ಬರೀ ಗಾಳಿಮಳೆಯಾಗಿ ಬಂತು. ಅಲ್ಲಿ ಮನೆಗಳು ಹೋದವು, ಇಲ್ಲಿ ಕೊಯ್ದು ಒಟ್ಟಿದ ಸೋಯಾಬೀನ್.

ನಮ್ಮ ಬಣವೆಯೂ ಹೋಯಿತು. ಇಲ್ಲಿಯವರಿಗೆ ಮಳೆ ಎಂದರೆ ಪಡುವಣದಿಂದ ಬರುವಂಥದ್ದು. ತಾಡಪತ್ರಿ ಹೊದಿಸಿ ಆ ಕಡೆಯ ಅಂಚಿಗೇ ಕಲ್ಲು ಹೇರುವುದು ರೂಢಿ. ಈ ಗಾಳಿ ಮೂಡಣದಿಂದ ಬಂದು, ಕಲ್ಲಿಲ್ಲದ ಅಂಚನ್ನು ಎತ್ತಿ ಮಗುಚಿಬಿಟ್ಟಿತು. ಕೈ ಹಾಕಿ ನೋಡಿದೆ, ತಳದವರೆಗೂ ಒದ್ದೆ.

"ಗಾಳಿ ಮೂಡಲ ಕಡಿಂದ ಬರ್ತದಂತ ಊರಿಗೆಲ್ಲ ನೀನೇ ಮೆಸೇಜ್ ಹಾಕ್ದಿ. ನಮ್ಮ ಬಣವಿ ಹ್ಯಾಂಗ ಮರ್ತಿ, ತಮ್ಮಾ?" ಎಂದರು ಅಣ್ಣನ ಹೆಂಡತಿ ಶಾಲುಬಾಯಿ ವೈನಿ.

ಬಯ್ಯಲಿಲ್ಲ, ಕೇಳಿದರು ಅಷ್ಟೇ.

ಮರೆತಿರಲಿಲ್ಲ. ಮೆಸೇಜ್ ಕಳಿಸಿ, ಫೋನು ಜೇಬಿಗಿಟ್ಟು, ನೇರ ಹೊಲಕ್ಕೇ ಹೋಗಿದ್ದೆ. ಪಡುವಣದ ಅಂಚಿಗೆ ಒಂದೊಂದೇ ಕಲ್ಲು ಹೊತ್ತು ಇಟ್ಟವನು ನಾನೇ.