ಗೋಡೆ ಕುಟ್ಟಿ ಆರಿಸಿದ ಮನೆ

ಆಲ್ಕೊಳ, ಶಿವಮೊಗ್ಗ
ಭಾನುವಾರ ಮಧ್ಯಾಹ್ನ

ಪ್ರೀತಿಯ ಈಶ್ವರಮ್ಮಕ್ಕನಿಗೆ ತನುಜಾ ಮಾಡುವ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ ಅಕ್ಕ, ನನಗೆ ಮನೆ ಸಿಕ್ಕಿತು. ಸಾಮಾನು ಸಾಗಿಸಿ, ಹಾಲುಕ್ಕಿಸಿ, ಪಾತ್ರೆಗಳೆಲ್ಲ ಅವುಗಳ ಜಾಗಕ್ಕೆ ಹೋಗಿ ಕೂತೂ ಆಯಿತು. ಫೋನಿನಲ್ಲಿ "ಎಲ್ಲ ಚೆನ್ನಾಗಿದೆ" ಅಂತಷ್ಟೇ ಹೇಳಿದ್ದೆ. ಪೂರ್ತಿ ಹೇಳಲು ಹೋದರೆ ನಡುವೆ ನೀವು ನಗುತ್ತೀರಿ, ನಾನು ಅಳುತ್ತೇನೆ, ಕತೆ ಮುಂದೆ ಹೋಗುವುದೇ ಇಲ್ಲ. ಅದಕ್ಕೇ ಈ ಕಾಗದ. ಇದನ್ನು ಮುರಳಿಯಿಂದ ಓದಿಸಿಕೊಳ್ಳಬೇಡಿ. ಮಗನೆದುರು ಕಣ್ಣೊರೆಸಿಕೊಳ್ಳಲು ನಿಮಗೆ ನಾಚಿಕೆ ಎಂದು ನನಗೆ ಗೊತ್ತು. ಕನ್ನಡಕ ಹುಡುಕಿ, ನಿಧಾನವಾಗಿ ನೀವೇ ಓದಿ.

ಶಿವಮೊಗ್ಗ ನಾನು ಹುಟ್ಟಿ ಬೆಳೆದ ಊರು. ಆದರೆ ಇಷ್ಟು ವರ್ಷ ಭದ್ರಾವತಿಯಲ್ಲಿದ್ದು ವಾಪಸು ಬರುವಷ್ಟರಲ್ಲಿ ನಾನು ಸೈಕಲ್ ಕಲಿತ ಬಯಲಿನ ಮೇಲೆಲ್ಲ ಲಿಫ್ಟ್ ಇರುವ ಕಟ್ಟಡಗಳೆದ್ದಿವೆ. ನಿಮ್ಮ ಮಟ್ಟಿಗಂತೂ ಇದು ಮಹಾನಗರವೇ. ಸೀರೆ ತರಲು ಬಂದಾಗ ಗೋಪಿ ಸರ್ಕಲ್ಲಿನಲ್ಲಿ ನನ್ನ ಕೈ ಹಿಡಿದು, ಕಣ್ಣು ಮುಚ್ಚಿ, "ಮುರುಗಾ" ಎನ್ನುತ್ತ ರಸ್ತೆ ದಾಟಿದವರಲ್ಲವೇ ನೀವು?

ಆಫೀಸಿನವರು ಇಲ್ಲಿಗೆ ವರ್ಗ ಮಾಡಿದಾಗ ದಿನಾ ಬಸ್ಸಿನಲ್ಲಿ ಓಡಾಡಿಕೊಂಡಿರೋಣ ಅಂದುಕೊಂಡಿದ್ದೆ. ನಿದ್ದೆ ಕೆಟ್ಟರೆ ಫಿಟ್ಸ್ ಮತ್ತೆ ಕೆರಳುತ್ತದೆ, ಬೇಡವೇ ಬೇಡ ಎಂದರು ಡಾಕ್ಟರು. ಅಣ್ಣ ರುದ್ರೇಶ ಅದನ್ನೇ ಕಾಯುತ್ತಿದ್ದನೇನೋ. "ಬೇರೆ ಮನೆ ಯಾಕೆ ಮಾಡ್ತೀಯ? ನಮ್ಮ ಮಹಡಿ ಮೇಲಿನ ರೂಮು ಖಾಲಿ ಇದೆ, ಬಂದಿರು" ಅಂದ. ಕೆಟ್ಟವನಲ್ಲ ಅಕ್ಕ. ಹೋಗಿ ನೋಡಿದೆ. ಹೊಸ ಹಾಸಿಗೆ, ಹೊಸ ಫ್ಯಾನು. ಬಾಗಿಲಿಗೆ ಮಾತ್ರ ಒಳಗಡೆ ಚಿಲಕವಿರಲಿಲ್ಲ. ನನ್ನ ಕ್ಷೇಮಕ್ಕೆಂದು ಅವನೇ ತೆಗೆಸಿದ್ದ. ಗ್ಯಾಸ್ ಹಚ್ಚುವ ಹಾಗಿಲ್ಲ, ಒಬ್ಬಳೇ ಹೊರಗೆ ಹೋಗುವ ಹಾಗಿಲ್ಲ. ಸ್ವಂತ ದುಡಿಮೆಯ, ಐವತ್ತು ಹತ್ತಿರವಾದ ಹೆಂಗಸು ನಾನು. ಚಿಲಕವಿಲ್ಲದ ಕೋಣೆಯಲ್ಲಿ ಹೇಗೆ ಬದುಕಲಿ? ಜಗಳವಾಯಿತು. ಕೊನೆಗೆ ಅವನೇ ಒಂದು ಮಾತಿಗೆ ಬಂದ. "ನೀನು ಬಿದ್ದರೆ ಯಾರಿಗಾದ್ರೂ ಗೊತ್ತಾಗೋ ಅಂಥ ಮನೆ ಹುಡುಕು. ತಿಂಗಳೊಳಗೆ ಸಿಗಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಇಲ್ಲಿಗೆ ಬಾ."

ಅಂಥ ಮನೆ ಯಾವುದೆಂದು ಭದ್ರಾವತಿಯ ಜನ್ನಾಪುರದಲ್ಲಿದ್ದವಳಿಗೆ ಹೇಳಿಕೊಡಬೇಕೇ? ಆ ಸಾಲುಮನೆಯಲ್ಲಿ ನಿಮ್ಮ ಅಡುಗೆಮನೆಗೂ ನನ್ನ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಬಂದ ಹೊಸದರಲ್ಲಿ ನಲ್ಲಿಯ ಹತ್ತಿರ ಬಿದ್ದಿದ್ದನ್ನು ನೋಡಿದವರು ನೀವು. ಬೇರೆಯವರಾಗಿದ್ದರೆ ಇಡೀ ಬೀದಿಗೆ ಸುದ್ದಿಯಾಗುತ್ತಿತ್ತು. ನೀವು ಮರುದಿನ ಬೆಳಿಗ್ಗೆ ಆರಕ್ಕೆ ಲಟ್ಟಣಿಗೆಯಿಂದ ಗೋಡೆಯನ್ನು ಎರಡು ಸಲ ಕುಟ್ಟಿ, "ಕಣ್ಣು, ಎದ್ದಿದ್ರೆ ನೀನೂ ಕುಟ್ಟು" ಎಂದು ಕೂಗಿದಿರಿ. ನಿಮ್ಮ ತಮಿಳಿನಲ್ಲಿ ಮುದ್ದಿನವರನ್ನು ಕಣ್ಣು ಅನ್ನುತ್ತಾರೆಂದು ಆಗ ನನಗೆ ಗೊತ್ತಿರಲಿಲ್ಲ. ನಾನೂ ಎರಡು ಸಲ ಕುಟ್ಟಿದೆ. ಅಲ್ಲಿಂದ ಶುರುವಾದದ್ದು ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದು ಒಂದೇ ಒಂದು ಸಲ, ಯುಗಾದಿಯ ಮರುದಿನ. ನಾನು ಕುಟ್ಟಲಿಲ್ಲ. ನೀವು ನಿಮ್ಮ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ, ನನ್ನ ಬಾಗಿಲನ್ನು ಹೊರಗಿನಿಂದ ತೆಗೆಯುವ ಬೀಗದ ಕೈ ತೆಗೆದುಕೊಂಡು, ದೋಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಿರಿ. ಕಣ್ಣು ಬಿಟ್ಟಾಗ ನನ್ನ ತಲೆ ನಿಮ್ಮ ತೊಡೆಯ ಮೇಲಿತ್ತು, ಕೆನ್ನೆಯ ಮೇಲೆಲ್ಲ ಹಿಟ್ಟು. "ಏನೂ ಆಗಿಲ್ಲ ಕಣ್ಣು, ಏನೂ ಆಗಿಲ್ಲ" ಅನ್ನುತ್ತಿದ್ದಿರಿ, ನಡುಗುತ್ತಿದ್ದವರು ಮಾತ್ರ ನೀವು. ಆಮೇಲೆ ನನ್ನನ್ನು ಕೂರಿಸಿ ದೋಸೆ ತಿನ್ನಿಸಿದಿರಿ. ಅವತ್ತು ನಿಮಗೊಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಮನೆಯವರಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ.

ಹಾಗಾಗಿ ಇಲ್ಲಿ ಮನೆ ನೋಡಲು ಹೊರಟಾಗ ವ್ಯಾನಿಟಿ ಬ್ಯಾಗಿನಲ್ಲಿ ಲಟ್ಟಣಿಗೆ ಇಟ್ಟುಕೊಂಡೆ. ನಗಬೇಡಿ. ಬ್ರೋಕರ್ ನಾಗಯ್ಯನವರು ಒಂದೊಂದು ಮನೆಯಲ್ಲೂ ನೀರು, ಪಾರ್ಕಿಂಗು, ವಾಸ್ತು ಎಂದು ವಿವರಿಸುತ್ತಿದ್ದರೆ ನಾನು ಸೀದಾ ಅಡುಗೆಮನೆಗೆ ಹೋಗಿ, ಪಕ್ಕದ ಮನೆಯ ಗೋಡೆಗೆ ಎರಡು ಸಲ ಕುಟ್ಟಿ, ಕಿವಿಯಿಟ್ಟು ನಿಲ್ಲುತ್ತಿದ್ದೆ. ಪಾಪ, ಆ ಮನುಷ್ಯ ಮೊದಲ ದಿನ ಹೆದರಿಕೊಂಡರು. ಎರಡನೆಯ ದಿನ "ಮೇಡಂ ಸಿವಿಲ್ ಇಂಜಿನಿಯರಾ?" ಎಂದು ಅಣ್ಣನನ್ನು ಗುಟ್ಟಾಗಿ ಕೇಳಿದರಂತೆ. ಆಮೇಲೆ ನಾನು ಕುಟ್ಟುವ ಮೊದಲೇ "ಇಟ್ಟಿಗೆ ಗ್ಯಾರಂಟಿ ಮೇಡಂ, ಒಂದೂ ಟೊಳ್ಳಿಲ್ಲ" ಅನ್ನತೊಡಗಿದರು.

ರಾಗಿಗುಡ್ಡದ ಹತ್ತಿರದ ಫ್ಲಾಟು ಅಣ್ಣನಿಗೆ ತುಂಬ ಹಿಡಿಸಿತ್ತು. ಕಿಟಕಿಯಲ್ಲಿ ಗುಡ್ಡ, ಲಿಫ್ಟಿನಲ್ಲಿ ಕನ್ನಡಿ, ಕರೆಂಟು ಹೋದರೆ ಜನರೇಟರ್. ಪಕ್ಕದ ಮನೆಯಲ್ಲಿ ಟೀವಿ ಓಡುತ್ತಿತ್ತು. ಕುಟ್ಟಿದೆ. ಟೀವಿಯ ಸದ್ದು ಜೋರಾಯಿತು, ಅಷ್ಟೇ. ತ್ಯಾವರೆಕೊಪ್ಪದ ಕಡೆ ಹೊಸ ಬಡಾವಣೆಯಲ್ಲಿ ಇನ್ನೊಂದು. ಸುತ್ತ ಅರ್ಧ ಕಟ್ಟಿದ ಮನೆಗಳು. "ಬೆಳಗಿನ ಜಾವ ಸಫಾರಿಯಿಂದ ಸಿಂಹದ ಗರ್ಜನೆ ಕೇಳುತ್ತೆ ಮೇಡಂ, ಅಷ್ಟು ಪ್ರಶಾಂತ" ಅಂದರು ನಾಗಯ್ಯ. ಸಿಂಹದ ಸದ್ದು ನನಗೆ ಕೇಳಿದರೆ ಏನು ಬಂತು, ನನ್ನ ಸದ್ದು ಯಾರಿಗಾದರೂ ಕೇಳಬೇಕಲ್ಲ ಎಂದು ಹೇಳಲಿಲ್ಲ. ತಿಂಗಳು ಮುಗಿಯುತ್ತ ಬಂತು. ಅಣ್ಣ ಮಹಡಿಯ ರೂಮಿಗೆ ಹೊಸ ಪರದೆ ಹಾಕಿಸಿದ. ನನಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಬೇರೆ ಯಾವುದೂ ಇಲ್ಲವೆಂದು ನಾಗಯ್ಯ ಒಲ್ಲದ ಮನಸ್ಸಿನಿಂದ ಆಲ್ಕೊಳ ಸರ್ಕಲ್ಲಿನ ಹಿಂದಿನ ಈ ಫ್ಲಾಟಿಗೆ ಕರೆದುಕೊಂಡು ಬಂದರು. ಹಳೇ ಕಟ್ಟಡ, ಕಿರಿದಾದ ಅಡುಗೆಮನೆ, ಸಜ್ಜೆಯ ಕೆಳಗೆ ಬಣ್ಣ ಎದ್ದಿತ್ತು. ಲಟ್ಟಣಿಗೆ ತೆಗೆದು ಕುಟ್ಟಿದೆ. ಎರಡನೆಯ ಏಟು ಮುಗಿದಿರಲಿಲ್ಲ, ಪಕ್ಕದ ಬಾಗಿಲು ಧಡಾರೆಂದು ತೆರೆದುಕೊಂಡಿತು. ಸೌಟು ಹಿಡಿದ ಹೆಂಗಸೊಬ್ಬರು, ಹಣೆ ತುಂಬ ವಿಭೂತಿ, ನಮ್ಮ ಬಾಗಿಲಲ್ಲೇ ಬಂದು ನಿಂತರು. "ಯಾರ್ರೀ ಅದು ಕುಟ್ಟೋದು? ಒಗ್ಗರಣೆ ಹಾಕ್ತಿದ್ದೋಳು ಬೆಚ್ಚಿಬಿದ್ದು ಸಾಸಿವೆ ಎಲ್ಲಾ ಚೆಲ್ಲಿಕೊಂಡೆ! ಮನುಷ್ಯರು ಬದುಕೋದು ಬೇಡ್ವಾ?" ನಾಗಯ್ಯ ಕೈಮುಗಿದರು. ಆ ಹೆಂಗಸು ಹೋದ ಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ದಾಕ್ಷಾಯಣಮ್ಮ ಅಂತ. ಮೇಲಿನ ಮನೇಲಿ ಚಮಚ ಬಿದ್ರೂ ಹೋಗಿ ಕೇಳ್ತಾರೆ. ಇವರ ಕಾಟಕ್ಕೇ ಈ ಮನೆ ಖಾಲಿ ಬಿದ್ದಿರೋದು ಮೇಡಂ."

ಇದೇ ಮನೆ ಸಾಕು ಅಂದೆ. "ತಲೆ ನೆಟ್ಟಗಿದೆಯಾ ಮಾರಾಯ್ತಿ?" ಎಂದು ಅಣ್ಣ ಕೂಗಾಡಿದ. ಕೇಳಿಸಿಕೊಳ್ಳುವವರಿಗೆ ತಾನೇ ಸಿಟ್ಟು ಬರುವುದು ಎಂದು ಅವನಿಗೆ ಹೇಗೆ ತಿಳಿಸಲಿ?

ಹಾಲುಕ್ಕಿಸಿದ ದಿನವೇ ಸಕ್ಕರೆ ಹಾಕಿದ ಹಾಲು ತೆಗೆದುಕೊಂಡು ಅವರ ಮನೆಗೆ ಹೋದೆ. ನೆರೆಯವರೊಬ್ಬರಿಗೆ ನನ್ನ ಕಾಯಿಲೆಯನ್ನು ನಾನಾಗಿ ಹೇಳಿದ್ದು ಅದೇ ಮೊದಲು. ನಮ್ಮ ಗೋಡೆಯ ಕತೆಯನ್ನೂ ಹೇಳಿ, ಒಂದು ಬೀಗದ ಕೈ ಮುಂದಿಟ್ಟೆ. ಅವರು ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಇದೆಲ್ಲ ನನ್ನ ತಲೆಗೆ ಕಟ್ಟಬೇಡಿ. ಗೋಡೆ ಗೀಡೆ ಕುಟ್ಟೋಳಲ್ಲ ನಾನು. ಪೇಂಟು ಹಾಳಾಗುತ್ತೆ" ಎಂದು ಬೀಗದ ಕೈಯನ್ನು ನನ್ನ ಕಡೆಗೇ ತಳ್ಳಿದರು. ಮುಖ ಸಪ್ಪೆ ಮಾಡಿಕೊಂಡು ಬಂದೆ. ಆದರೂ ದಿನಾ ಆರಕ್ಕೆ ಕುಟ್ಟಿದೆ. ಆ ಕಡೆಯಿಂದ ಒಂದು ದಿನವೂ ಉತ್ತರವಿಲ್ಲ. ಅಣ್ಣ ಸಂಜೆ ಫೋನು ಮಾಡಿ "ಏನಂತೆ ನಿನ್ನ ಗೋಡೆ?" ಎಂದು ಕೇಳಿದರೆ ಮಾತು ಹಾರಿಸುತ್ತಿದ್ದೆ.

ಮೊನ್ನೆ ಗುರುವಾರ ನನಗೆ ಎಚ್ಚರವೇ ಆಗಲಿಲ್ಲ. ಏನೂ ಆಗಿರಲಿಲ್ಲ ಅಕ್ಕ, ಗಾಬರಿಯಾಗಬೇಡಿ, ಸಾಮಾನು ಜೋಡಿಸಿದ ಆಯಾಸಕ್ಕೆ ಬರೀ ನಿದ್ದೆ. ಬಾಗಿಲು ಒಡೆದುಹೋಗುವ ಹಾಗೆ ಬಡಿತ. ಎದ್ದು ತೆಗೆದೆ. ಅರ್ಧ ಹೆಣೆದ ಜಡೆ, ಹಣೆಯ ವಿಭೂತಿ ಇನ್ನೂ ಒದ್ದೆ, ದಾಕ್ಷಾಯಣಮ್ಮ ಏದುಸಿರು ಬಿಡುತ್ತ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕ್ರೀ ಇವತ್ತು ಕುಟ್ಟಲಿಲ್ಲ?" ನಾನು ಏನಾದರೂ ಹೇಳುವ ಮೊದಲೇ ಕೈ ಚಾಚಿದರು. "ಕೊಡಿ ಆ ಬೀಗದ ಕೈ. ಪೂಜೆಗೆ ಕೂತೋಳನ್ನ ಎಬ್ಬಿಸಿಬಿಟ್ರಿ." ತೆಗೆದುಕೊಂಡು ಗೊಣಗುತ್ತ ಹೋದರು. ನಾನು ಬಾಗಿಲಿಗೆ ಒರಗಿ ನಿಂತು ಅತ್ತೆ, ಸಂತೋಷಕ್ಕೆ.

ಅಣ್ಣನಿಗೆ ಫೋನು ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಹಾಗಾದ್ರೆ ಆ ರೂಮಿಗೆ ಚಿಲಕ ಹಾಕಿಸಿಬಿಡ್ತೀನಿ, ನೆಂಟರಿಗಾಗುತ್ತೆ" ಅಂದ. ಸೋತೆ ಎನ್ನಲು ಅವನಿಗೆ ಬರುವ ಭಾಷೆ ಅಷ್ಟೇ.

ಅಕ್ಕ, ನನ್ನ ಬದುಕು ನನ್ನದಾಗಿ ಉಳಿದದ್ದು ನಿಮ್ಮಿಂದ. ಮನೆ ಎಂದರೆ ಏನನ್ನು ನೋಡಿ ಆರಿಸಬೇಕೆಂದು ಕಲಿಸಿದವರೂ ನೀವೇ. ಅವತ್ತು ಬಾಯಲ್ಲೇ ಉಳಿದ ಥ್ಯಾಂಕ್ಸನ್ನು ಇವತ್ತು ಕಾಗದದಲ್ಲಿ ಬರೆಯುತ್ತಿದ್ದೇನೆ, ಬೈಯಬೇಡಿ. ಮುರಳಿ ನಿನ್ನೆ ಇಲ್ಲಿಗೆ ಬಂದಿದ್ದಾಗ ಒಂದು ಮಾತು ಹೇಳಿದ. ನೀವು ಈಗಲೂ ಬೆಳಿಗ್ಗೆ ಆರಕ್ಕೆ ಆ ಗೋಡೆ ಕುಟ್ಟುತ್ತೀರಂತೆ. ಆ ಕಡೆ ಯಾರೂ ಇಲ್ಲ ಎಂದರೆ, "ಕೈಗೆ ಅಭ್ಯಾಸ ಕಣೋ" ಅನ್ನುತ್ತೀರಂತೆ. ಅದನ್ನು ಕೇಳಿದ ಮೇಲೆಯೇ ಈ ಕಾಗದ ಬರೆಯಲು ಕೂತದ್ದು.

ಇದರ ಜೊತೆ ದಾರ ಕಟ್ಟಿದ ಬೀಗದ ಕೈಯೊಂದನ್ನು, ನಾಳೆ ಮತ್ತೆ ಇಲ್ಲಿಗೆ ಬರುವ ಮುರಳಿಯ ಹತ್ತಿರ ಕಳಿಸುತ್ತಿದ್ದೇನೆ. ನಿಮ್ಮ ಅಡುಗೆಮನೆಯ ಆ ಮೊಳೆ ಖಾಲಿ ಇರುವುದು ಬೇಡ. ನಾನು ಬಿದ್ದರೆ ಓಡಿ ಬರಲಿ ಎಂದಲ್ಲ, ಅದಕ್ಕೆ ಪಕ್ಕದಲ್ಲೇ ಒಬ್ಬರಿದ್ದಾರೆ. ನಿಮಗೆ ಬೇಜಾರಾದ ದಿನ ಬಸ್ಸು ಹತ್ತಿ ಬನ್ನಿ. ನಾನು ಆಫೀಸಿನಲ್ಲಿದ್ದರೂ ಸರಿ. ಬೆಲ್ ಒತ್ತಬೇಡಿ, ಬಾಗಿಲು ತಟ್ಟಬೇಡಿ, ಬೀಗ ತೆಗೆದು ಒಳಗೆ ಬನ್ನಿ.

ಆ ಶಿವ, ನಿಮ್ಮ ಮುರುಗ ಇಬ್ಬರೂ ಸೇರಿ ನಿಮ್ಮನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿಮ್ಮ ಗೋಡೆಯಾಚೆಯವಳು,
ತನುಜಾ